ಏರ್‌ಲಾಕ್‌ನಲ್ಲಿ ಸತ್ತ ನೊಣ, ಮಾಲ್ಟಿನಲ್ಲಿ ಹುಳ: ಮನೆಯಲ್ಲಿ ಮಾಡಿದ ಬಿಯರ್ ಕೆಟ್ಟಿತೇ?

ಪ್ರಶ್ನೆ: ನಾನು ಅಮೆರಿಕದ ಆಸ್ಟಿನ್ ನಗರದಲ್ಲಿದ್ದೇನೆ. ಹತ್ತು ದಿನಗಳ ಹಿಂದೆ ಮೊದಲ ಬಾರಿಗೆ ಮನೆಯಲ್ಲಿ 19 ಲೀಟರ್ ಪೇಲ್ ಏಲ್ ಬಿಯರ್ ಹುದುಗಲು ಇಟ್ಟೆ. ಐದನೆಯ ದಿನ ಏರ್‌ಲಾಕ್‌ನ, ಅಂದರೆ ಒಳಗಿನ ಅನಿಲವನ್ನು ಮಾತ್ರ ಹೊರಬಿಡುವ ಮುಚ್ಚಳದ ಮೇಲಿನ ಕೊಳವೆಯ, ನೀರಿನಲ್ಲಿ ಎರಡು ಹಣ್ಣಿನ ನೊಣಗಳು ಸತ್ತು ತೇಲುತ್ತಿದ್ದವು. ಗಾಬರಿಯಿಂದ ಮುಚ್ಚಳ ತೆಗೆದರೆ ಮೇಲೆಲ್ಲ ಕೊಳೆಯಂತಹ ಕಂದು ನೊರೆ, ನಡುವೆ ಬಿಳಿ ತೇಪೆಗಳು. ಅಂದಿನಿಂದ ದಿನವೂ ತೆರೆದು ನೋಡುತ್ತಿದ್ದೇನೆ. ಸಾಲದೆಂಬಂತೆ ಉಳಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಚೀಲದಲ್ಲಿ ಸಣ್ಣ ಕಂದು ಹುಳಗಳು ಕಾಣಿಸಿವೆ. ನಾನು ಬಳಸಿದ್ದೂ ಅದೇ ಚೀಲದ ಕಾಳು. ಊರಿನಲ್ಲಿರುವ ಅಮ್ಮನಿಗೆ ಹೇಳಿದರೆ ‘ಕಳ್ಳಭಟ್ಟಿ ಕುಡಿದು ಸಾಯಬೇಡ, ಮೊದಲು ಅದನ್ನು ಚೆಲ್ಲು’ ಎನ್ನುತ್ತಾರೆ. ಚೆಲ್ಲಬೇಕೆ? ಕುಡಿದರೆ ಅಪಾಯವೆ? ಮುಂದಿನ ಸಲ ಏನು ಮಾಡಬೇಕು?

ಉತ್ತರ: ಚೆಲ್ಲಬೇಡಿ. ನೀವು ಆತಂಕದಿಂದ ಬರೆದಿರುವ ಮೂರು ಸಂಗತಿಗಳಲ್ಲಿ, ಅಂದರೆ ನೊಣ, ನೊರೆ, ಹುಳಗಳಲ್ಲಿ, ಒಂದೂ ಬಿಯರ್ ಕೆಟ್ಟಿದೆ ಎನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ. ಆದರೆ ಮಾತಿನ ನಡುವೆ ನೀವು ಹಗುರವಾಗಿ ಹೇಳಿ ದಾಟಿದ ನಾಲ್ಕನೆಯ ಸಂಗತಿಯೊಂದಿದೆ: ದಿನವೂ ಮುಚ್ಚಳ ತೆರೆದು ನೋಡುತ್ತಿರುವುದು. ನನಗೆ ಚಿಂತೆಯಾಗಿರುವುದು ಅದರ ಬಗ್ಗೆಯೇ. ಏಕೆಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕಾಗುತ್ತದೆ.

ಬಿಯರ್ ಮಾಡುವವರು ತಮ್ಮ ಕೆಲಸವನ್ನು ಬಿಸಿ ಭಾಗ ಮತ್ತು ತಣ್ಣನೆಯ ಭಾಗ ಎಂದು ಎರಡಾಗಿ ನೋಡುತ್ತಾರೆ. ನುಚ್ಚಾಗಿ ಒಡೆದ ಮಾಲ್ಟನ್ನು ಸುಮಾರು 65ರಿಂದ 67 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ನೆನೆಸಿ ಸಿಹಿ ಕಷಾಯವನ್ನು, ಅಂದರೆ ವರ್ಟನ್ನು, ಬಸಿದುಕೊಂಡು, ಅದಕ್ಕೆ ಹಾಪ್ಸ್ ಎಂಬ ಕಹಿ ಹೂವನ್ನು ಹಾಕಿ ಒಂದು ಗಂಟೆ ಕುದಿಸುವವರೆಗಿನದು ಬಿಸಿ ಭಾಗ. ಒಲೆ ಆರಿಸಿ ವರ್ಟ್ ತಣಿಯತೊಡಗಿದ ಕ್ಷಣದಿಂದ ಬಾಟಲಿಯ ಬಿರಡೆ ಒತ್ತುವವರೆಗಿನದು ತಣ್ಣನೆಯ ಭಾಗ. ಈ ಎರಡರ ನಡುವೆ ಗೆರೆ ಎಳೆಯುವುದು ಕುದಿ. ಕುದಿಯುವುದಕ್ಕೆ ಮೊದಲು ಪಾತ್ರೆಯೊಳಗೆ ಬಿದ್ದದ್ದು ಹುಳವಾಗಲಿ, ಕಡ್ಡಿಯಾಗಲಿ, ತೊಳೆಯದ ಸೌಟಾಗಲಿ, ಅದು ಮನಸ್ಸಿಗೆ ಕಿರಿಕಿರಿ ಮಾಡಬಹುದೇ ಹೊರತು ಬಿಯರನ್ನು ಕೆಡಿಸಲಾರದು. ಕುದಿ ಇಳಿದ ಮೇಲೆ ಹಾಗಲ್ಲ, ಒರೆಸಿ ಫಳಫಳ ಹೊಳೆಯುವ ಚಮಚವೂ ಸಂಶಯಕ್ಕೆ ಯೋಗ್ಯ. ಹೊಸಬರು ಬಹುತೇಕ ಈ ಲೆಕ್ಕವನ್ನು ತಲೆಕೆಳಗು ಮಾಡಿಕೊಂಡಿರುತ್ತಾರೆ. ಕಣ್ಣಿಗೆ ಕಾಣುವ ಹುಳಕ್ಕೆ ಹೆದರಿ, ಕಾಣದ ಕೊಳೆಯನ್ನು ಮರೆಯುತ್ತಾರೆ.

ಆದ್ದರಿಂದ ಮಾಲ್ಟಿನ ಹುಳಗಳ ವಿಷಯವನ್ನು ಮೊದಲು ಮುಗಿಸಿಬಿಡೋಣ. ಮುಂದೆ ಚೂಪಾದ ಮೂತಿಯಿರುವ, ಮೂರು ಮಿಲಿಮೀಟರಿನಷ್ಟು ಉದ್ದದ ಕಂದು ಹುಳವಾದರೆ ಅದು ನಮ್ಮ ಅಕ್ಕಿ ಡಬ್ಬಿಯಲ್ಲಿ ಕಾಣುವ ಮೂತಿಹುಳುವೇ. ಹೆಣ್ಣು ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆಯಿಡುತ್ತದೆ, ಮರಿ ಕಾಳಿನ ಒಳಗೇ ತಿಂದು ಬೆಳೆಯುತ್ತದೆ. ಹೀಗಾಗಿ ಕೊಂಡ ದಿನ ಶುದ್ಧವಾಗಿ ಕಂಡ ಚೀಲದಲ್ಲಿ ತಿಂಗಳು ಕಳೆದ ಮೇಲೆ ಹುಳ ಹರಿದಾಡುವುದರಲ್ಲಿ ಆಶ್ಚರ್ಯವಿಲ್ಲ. ಜಾಲರಿಯಂತಹ ಎಳೆ, ಅಂಟಿಕೊಂಡ ನುಚ್ಚು, ಮೇಲೆ ಹಾರುವ ಸಣ್ಣ ಪತಂಗ ಕಂಡರೆ ಅದು ಬೇರೆ ಪ್ರಾಣಿ. ಅದಕ್ಕೆ ಅಮೆರಿಕದಲ್ಲಿ ‘ಇಂಡಿಯನ್ ಮೀಲ್ ಮಾತ್’ ಎಂಬ ಹೆಸರು. ಹೆಸರು ಕೇಳಿ ನಮ್ಮ ದೇಶದಿಂದ ಹೋದ ಪೀಡೆ ಎಂದು ತಿಳಿಯಬೇಕಾಗಿಲ್ಲ. ಅಲ್ಲಿನ ಮೂಲನಿವಾಸಿಗಳ ಬೆಳೆಯಾದ ಮೆಕ್ಕೆಜೋಳದ ಹಿಟ್ಟನ್ನು ಆ ಕಾಲದಲ್ಲಿ ‘ಇಂಡಿಯನ್ ಮೀಲ್’ ಎನ್ನುತ್ತಿದ್ದರು, ಅದರಲ್ಲಿ ಸೇರಿಕೊಳ್ಳುವ ಪತಂಗಕ್ಕೆ 1856ರಲ್ಲಿ ಕೀಟತಜ್ಞ ಏಸಾ ಫಿಚ್ ಆ ಹೆಸರು ಕೊಟ್ಟರು. ಯಾವುದಾದರೂ ಸರಿ, ನಿಮ್ಮ ವರ್ಟಿನೊಳಗೆ ಹೋದದ್ದು ಬಿಸಿನೀರಿನಲ್ಲಿ ಸತ್ತು, ಒಂದು ಗಂಟೆ ಬೆಂದು, ಜರಡಿಯಲ್ಲೋ ತಳದ ಮಡ್ಡಿಯಲ್ಲೋ ಉಳಿದಿರುತ್ತದೆ. ಬಿಯರಿಗೆ ಅದರಿಂದ ಕೆಡುಕಿಲ್ಲ.

ಉಳಿದ ಚೀಲವನ್ನು ಏನು ಮಾಡಬೇಕು ಎಂಬುದು ಹುಳ ಎಷ್ಟಿದೆ ಎನ್ನುವುದರ ಮೇಲೆ ನಿಂತಿದೆ. ಅಂಗೈಯಲ್ಲಿ ಹಿಡಿದ ಕಾಳಿನಲ್ಲಿ ಒಂದೆರಡು ಹುಳ ಸಿಕ್ಕರೆ, ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡಿ, ಮೊಟ್ಟೆ ಮರಿ ಎಲ್ಲವೂ ಸಾಯುತ್ತವೆ. ಬಳಿಕ ಜರಡಿಯಾಡಿ ಬಳಸಬಹುದು. ಕಾಳು ಟೊಳ್ಳಾಗಿ ಹಿಟ್ಟು ಉದುರುತ್ತಿದ್ದರೆ, ಮುಗ್ಗಲು ವಾಸನೆ ಬರುತ್ತಿದ್ದರೆ, ಎಸೆಯಿರಿ. ಪಿಷ್ಟವನ್ನೆಲ್ಲ ಹುಳವೇ ತಿಂದ ಮೇಲೆ ನಿಮಗೆ ಸಕ್ಕರೆ ಎಲ್ಲಿಂದ ಬರಬೇಕು? ಒಳ್ಳೆಯ ಮಾಲ್ಟಿನಲ್ಲಿ ತೇವಾಂಶ ಶೇಕಡ 4ರಿಂದ 5 ಮಾತ್ರ. ಬಾಯಿ ತೆರೆದ ಚೀಲ ಗಾಳಿಯ ತೇವ ಹೀರಿದಷ್ಟೂ ಹುಳಗಳಿಗೆ ಅನುಕೂಲ, ಒಡೆದ ಕಾಳಂತೂ ಇನ್ನೂ ಬೇಗ ತೇವ ಹೀರುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಇದಕ್ಕೆ ಸಾಕು. ಇಲಿ, ಜಿರಲೆ, ಇರುವೆಗಳ ಪ್ರಶ್ನೆಯೂ ಅದರೊಂದಿಗೇ ಬಗೆಹರಿಯುತ್ತದೆ. ಅಕ್ಕಿಗೆ ಹಾಕುವಂತೆ ಬೇವಿನ ಎಲೆ, ಒಣಮೆಣಸಿನಕಾಯಿ ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ. ಅಕ್ಕಿಯನ್ನು ತೊಳೆದು ಬೇಯಿಸುತ್ತೇವೆ, ಮಾಲ್ಟನ್ನು ತೊಳೆಯುವುದಿಲ್ಲ.

ಮಾಲ್ಟಿನಲ್ಲಿ ನಾನು ನಿಜವಾಗಿ ಹೆದರುವುದು ಹುಳಕ್ಕಲ್ಲ, ದೂಳಿಗೆ. ಕಾಳಿನ ಹೊಟ್ಟಿನ ಮೇಲೆ ಲ್ಯಾಕ್ಟೊಬ್ಯಾಸಿಲಸ್ ಮುಂತಾದ ಹುಳಿ ಬರಿಸುವ ಬ್ಯಾಕ್ಟೀರಿಯಾಗಳು ಹುಟ್ಟಿನಿಂದಲೇ ಇರುತ್ತವೆ. ರಾತ್ರಿ ಕಲಸಿಟ್ಟ ರಾಗಿ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಬಂದು ಅಂಬಲಿಗೆ ಹದವಾಗುವುದು ಇವುಗಳ ಬಳಗದಿಂದಲೇ. ಕಾಳು ಒಡೆಯುವಾಗ ಏಳುವ ಸಣ್ಣ ದೂಳು ಗಂಟೆಗಟ್ಟಲೆ ಗಾಳಿಯಲ್ಲಿದ್ದು, ತಣಿಯುತ್ತಿರುವ ವರ್ಟಿನ ಮೇಲೆ ಇಳಿದರೆ ಅಲ್ಲಿಯೂ ಅದೇ ಕೆಲಸ ಮಾಡುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೇ ಕಾಳು ಒಡೆದು ಅಲ್ಲೇ ವರ್ಟ್ ತಣಿಸುವವರು ಈ ಒಂದು ಅಭ್ಯಾಸವನ್ನು ಬದಲಿಸಿಕೊಂಡರೆ ಸಾಕು. ಒಡೆಯುವ ಕೆಲಸ ಗ್ಯಾರೇಜಿನಲ್ಲೋ ಹೊರಗೋ ಆಗಲಿ, ಸಾಧ್ಯವಾದರೆ ಹಿಂದಿನ ದಿನವೇ ಆಗಲಿ.

ಇನ್ನು ನಿಮ್ಮ ತಾಯಿಯವರ ಭಯ. ಅದನ್ನು ನಕ್ಕು ತಳ್ಳಿಹಾಕಬಾರದು, ಅದರ ಹಿಂದೆ ನಮ್ಮೂರಿನ ನೆನಪಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಕೊಂದದ್ದು ಹುದುಗುವಿಕೆಯಲ್ಲಿ ಸೇರಿದ ಕೊಳೆಯಲ್ಲ, ಸಾರಾಯಿಗೆ ಬೆರೆಸಿದ್ದ ಮಿಥೈಲ್ ಆಲ್ಕೋಹಾಲ್. ಯೀಸ್ಟ್ ಧಾನ್ಯದ ಸಕ್ಕರೆಯಿಂದ ಮಾಡುವುದು ಈಥೈಲ್ ಆಲ್ಕೋಹಾಲನ್ನು; ಬಿಯರಿನಲ್ಲಿ ಮಿಥೈಲ್ ಆಲ್ಕೋಹಾಲ್ ಲೆಕ್ಕಕ್ಕೆ ಬಾರದಷ್ಟು ಅಲ್ಪ, ಮತ್ತು ಇಲ್ಲಿ ಭಟ್ಟಿ ಇಳಿಸುವ ಕೆಲಸವೇ ಇಲ್ಲ. ಹಾಗೆಯೇ ಅಮೆರಿಕದಲ್ಲಿ 1978ರ ಕಾನೂನಿನ ಪ್ರಕಾರ ವಯಸ್ಕರೊಬ್ಬರು ಮಾರಾಟಕ್ಕಲ್ಲದೆ ಸ್ವಂತಕ್ಕಾಗಿ ವರ್ಷಕ್ಕೆ 100 ಗ್ಯಾಲನ್‌ವರೆಗೆ ಬಿಯರ್ ಮಾಡಿಕೊಳ್ಳಬಹುದು. ರಜೆಗೆ ಬಂದಾಗ ಊರಿನಲ್ಲೂ ಮಾಡಿ ತೋರಿಸುವ ಉತ್ಸಾಹ ಮಾತ್ರ ಬೇಡ, ಕರ್ನಾಟಕದ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಕೆಟ್ಟ ಬಿಯರ್ ಕುಡಿದರೆ ಕಾಯಿಲೆ ಬೀಳುತ್ತೇವೆಯೇ? ಹುದುಗಿ ಮುಗಿದ ಬಿಯರಿನಲ್ಲಿ ರೋಗ ತರುವ ಸಾಮಾನ್ಯ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಅದರ ಪಿಎಚ್ 4ರಿಂದ 4.5ರ ಆಸುಪಾಸು, ಅಂದರೆ ಚೆನ್ನಾಗಿ ಹುಳಿ. ಶೇಕಡ 5ರಷ್ಟು ಆಲ್ಕೋಹಾಲ್ ಇದೆ. ಹಾಪ್ಸಿನ ಕಹಿ ಅನೇಕ ಬ್ಯಾಕ್ಟೀರಿಯಾಗಳಿಗೆ ಆಗದು. ಆಮ್ಲಜನಕವಿಲ್ಲ, ಇಂಗಾಲದ ಡೈಆಕ್ಸೈಡ್ ತುಂಬಿದೆ, ತಿನ್ನಲು ಸುಲಭದ ಸಕ್ಕರೆಯನ್ನು ಯೀಸ್ಟ್ ಆಗಲೇ ಮುಗಿಸಿದೆ. ಇಷ್ಟನ್ನೂ ದಾಟಿ ಅದರಲ್ಲಿ ಬದುಕಬಲ್ಲ ಸೂಕ್ಷ್ಮಜೀವಿಗಳು ಕೆಲವೇ, ಅವು ಬಿಯರಿನ ರುಚಿಯನ್ನು ಹಾಳು ಮಾಡುತ್ತವೆ, ಕುಡಿದವರ ಆರೋಗ್ಯವನ್ನಲ್ಲ. ಇದಕ್ಕೆ ಒಂದು ಅಪವಾದ ಇದೆ. ಯೀಸ್ಟ್ ಹಾಕದ ವರ್ಟ್ ಬಿಯರಲ್ಲ. ಅದರ ಪಿಎಚ್ 5ಕ್ಕಿಂತ ಮೇಲಿರುತ್ತದೆ, ಆಲ್ಕೋಹಾಲ್ ಇಲ್ಲ, ಮತ್ತು ಬೊಟುಲಿಸಂ ಎಂಬ ಮಾರಕ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಒಂದು ಗಂಟೆಯ ಕುದಿಗೂ ಸಾಯುವುದಿಲ್ಲ. ಕುದಿಸಿದ ವರ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ, ಬಿಡುವಾದಾಗ ಯೀಸ್ಟ್ ಹಾಕೋಣವೆಂದು ದಿನಗಟ್ಟಲೆ ಹೊರಗಿಡುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಹುದುಗುವಿಕೆ ಶುರುವಾಗಿ ಪಿಎಚ್ 4.6ಕ್ಕಿಂತ ಕೆಳಗಿಳಿದ ಮೇಲೆ ಆ ಭಯವಿಲ್ಲ.

ಈಗ ನೊಣಕ್ಕೆ ಬರೋಣ, ಏಕೆಂದರೆ ನಿಮ್ಮ ಮೂರು ಭಯಗಳಲ್ಲಿ ಸ್ವಲ್ಪವಾದರೂ ತಿರುಳಿರುವುದು ಇದರಲ್ಲೇ. ಹಣ್ಣಿನ ನೊಣ ಬರುವುದು ಹಣ್ಣಿಗಾಗಿ ಎನ್ನುವುದಕ್ಕಿಂತ ಹಣ್ಣಿನ ಮೇಲೆ ಬೆಳೆಯುವ ಯೀಸ್ಟಿಗಾಗಿ ಎನ್ನುವುದೇ ಸರಿ. ಅದರ ಮುಖ್ಯ ಆಹಾರ ಅದು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ತೋರಿಸಿದ್ದನ್ನು ಕೇಳಿದರೆ ನಿಮಗೆ ನೊಣದ ಮೇಲಿನ ಕೋಪ ಸ್ವಲ್ಪ ಇಳಿಯಬಹುದು. ಬಿಯರಿಗೆ ಬಾಳೆಹಣ್ಣಿನ, ಸೇಬಿನ ಪರಿಮಳ ಕೊಡುವ ಎಸ್ಟರುಗಳನ್ನು ಮಾಡುವ ಜೀನ್ ಒಂದನ್ನು ಅವರು ಯೀಸ್ಟಿನಿಂದ ತೆಗೆದುಹಾಕಿದಾಗ ನೊಣಗಳು ಅದರತ್ತ ಬರುವುದು ಬಹಳ ಕಡಿಮೆಯಾಯಿತು. ಕಾಲಿಲ್ಲದ ಯೀಸ್ಟ್ ಪರಿಮಳ ಬೀರಿ ನೊಣವನ್ನು ಕರೆದು, ಅದರ ಮೈಯೇರಿ ಬೇರೆಡೆಗೆ ಹೋಗುತ್ತದೆ. ನೀವು ಗ್ಲಾಸಿನಲ್ಲಿ ಮೆಚ್ಚುವ ಪರಿಮಳ ಮೊದಲು ನೊಣಕ್ಕೆ ಬರೆದ ಕರೆಯೋಲೆ.

ತೊಂದರೆಯೆಂದರೆ ಆ ನೊಣದ ಕಾಲಿಗೆ ಯೀಸ್ಟಿನ ಜೊತೆ ಅಸಿಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವೂ ಅಂಟಿರುತ್ತದೆ. ಇದು ಆಲ್ಕೋಹಾಲನ್ನು ವಿನಿಗರ್ ಮಾಡುವ ಜೀವಿ. ಆದರೆ ಆ ಕೆಲಸಕ್ಕೆ ಅದಕ್ಕೆ ಆಮ್ಲಜನಕ ಬೇಕೇ ಬೇಕು. ಮುಚ್ಚಿದ ಬಕೆಟಿನಲ್ಲಿ ಹುದುಗುವಿಕೆ ಜೋರಾಗಿ ನಡೆಯುತ್ತಿರುವಾಗ ಬಿಯರಿನ ಮೇಲಿನ ಜಾಗದ ಗಾಳಿಯನ್ನೆಲ್ಲ ಇಂಗಾಲದ ಡೈಆಕ್ಸೈಡ್ ಹೊರಗೆ ತಳ್ಳಿರುತ್ತದೆ. ಅಲ್ಲಿ ಅಸಿಟೊಬ್ಯಾಕ್ಟರ್ ಬಿದ್ದರೂ ಉಸಿರಿಲ್ಲದೆ ಕೂರಬೇಕು. ಅದೇ ಹುದುಗುವಿಕೆ ಮುಗಿಯುತ್ತ ಬಂದು, ಅನಿಲ ಹುಟ್ಟುವುದು ನಿಂತು, ಯಾರೋ ದಿನವೂ ಮುಚ್ಚಳ ತೆರೆದು ಹೊಸ ಗಾಳಿ ತುಂಬಿಸುತ್ತಿದ್ದರೆ, ಅದಕ್ಕೆ ಬೇಕಾದದ್ದೆಲ್ಲ ಸಿಕ್ಕಂತಾಯಿತು. ಏರ್‌ಲಾಕ್‌ನಲ್ಲಿ ಸತ್ತು ಬಿದ್ದ ಎರಡು ನೊಣಗಳು ಬಾಗಿಲ ಹೊರಗೇ ಸತ್ತವು, ಏರ್‌ಲಾಕ್ ಇರುವುದೇ ಅದಕ್ಕಾಗಿ. ನೀವು ತೆರೆದ ಮುಚ್ಚಳ ಮಾತ್ರ ಮೂರನೆಯ ನೊಣಕ್ಕೆ ಬಾಗಿಲು.

ಏರ್‌ಲಾಕ್‌ನಲ್ಲಿ ಬರಿ ನೀರು ಹಾಕುವುದು ಹೊಸಬರೆಲ್ಲರ ರೂಢಿ. ಅದರ ಬದಲು ಸ್ಯಾನಿಟೈಸರ್ ದ್ರಾವಣವನ್ನೋ ವೋಡ್ಕಾವನ್ನೋ ಹಾಕಿ. ರಾತ್ರಿ ಬಕೆಟ್ ತಣಿದಾಗ ಒಳಗಿನ ಅನಿಲ ಕುಗ್ಗಿ, ಏರ್‌ಲಾಕ್‌ನ ದ್ರವ ಹನಿಹನಿಯಾಗಿ ಒಳಕ್ಕೆ ಎಳೆದುಕೊಳ್ಳುವುದುಂಟು. ನೊಣ ಕೊಳೆತ ನೀರು ಒಳಗೆ ಹೋಗುವುದಕ್ಕೂ ನಾಲ್ಕು ಹನಿ ವೋಡ್ಕಾ ಹೋಗುವುದಕ್ಕೂ ವ್ಯತ್ಯಾಸವಿದೆ. ಈಗಲೇ ಏರ್‌ಲಾಕ್ ತೆಗೆದು ತೊಳೆದು, ಸ್ಯಾನಿಟೈಸರ್‌ನಲ್ಲಿ ಅದ್ದಿ, ಹೊಸ ದ್ರವ ತುಂಬಿ ಅರ್ಧ ನಿಮಿಷದಲ್ಲಿ ಮರಳಿ ಸಿಕ್ಕಿಸಿ. ಅದರ ತಲೆಯ ಮೇಲಿನ ಸಣ್ಣ ತೂತುಗಳ ಟೋಪಿಯನ್ನು ಮರೆಯಬೇಡಿ, ನೊಣ ಬಂದದ್ದು ಬಹುಶಃ ಅದು ಇಲ್ಲದ್ದರಿಂದ. ಕೋಣೆಯ ನೊಣಗಳಿಗೆ ಒಂದು ಲೋಟದಲ್ಲಿ ಎರಡು ಚಮಚ ಸೇಬಿನ ವಿನಿಗರ್, ಅದಕ್ಕೊಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿಡಿ. ವಾಸನೆಗೆ ಬಂದ ನೊಣ ಸೋಪಿನ ದೆಸೆಯಿಂದ ಮೇಲೆ ನಿಲ್ಲಲಾರದೆ ಮುಳುಗುತ್ತದೆ. ಹಿಟ್, ರೇಡ್‌ನಂತಹ ಸ್ಪ್ರೇಗಳನ್ನು ಬಕೆಟ್ ಇರುವ ಕೋಣೆಯಲ್ಲಿ ಹೊಡೆಯಬೇಡಿ. ಇವೆಲ್ಲಕ್ಕಿಂತ ಮುಖ್ಯವಾದದ್ದು, ನೊಣ ಹುಟ್ಟುವ ಜಾಗ: 25 ಡಿಗ್ರಿಯಲ್ಲಿ ಮೊಟ್ಟೆಯಿಂದ ಹಾರುವ ನೊಣವಾಗಲು ಹತ್ತೇ ದಿನ ಸಾಕು. ಬಸಿದುಳಿದ ಮಾಲ್ಟ್ ಒಂದು ದಿನ ಕಸದ ಬುಟ್ಟಿಯಲ್ಲಿ ಕೂತರೆ ಹುಳಿ ವಾಸನೆ ಬಂದು ನೊಣಗಳ ತೊಟ್ಟಿಲಾಗುತ್ತದೆ. ಖಾಲಿ ಬಾಟಲಿಯ ತಳದ ಗಸಿಯೂ ಅಷ್ಟೇ. ಅಂದಿನದನ್ನು ಅಂದೇ ಹೊರಹಾಕಿ.

ನೊಣದ ವಿಷಯ ಬಂದಾಗ ಬ್ರಸೆಲ್ಸಿನ ಕ್ಯಾಂಟಿಯಾನ್ ಬ್ರೂವರಿಯನ್ನು ನೆನೆಯದಿರಲು ನನ್ನಿಂದಾಗದು. 1900ರಲ್ಲಿ ಆರಂಭವಾದ ಈ ಮನೆತನದ ಬ್ರೂವರಿಯಲ್ಲಿ ಕುದಿಸಿದ ವರ್ಟನ್ನು ಅಟ್ಟದ ಮೇಲಿನ ಅಗಲವಾದ ತಾಮ್ರದ ತೊಟ್ಟಿಯಲ್ಲಿ ರಾತ್ರಿಯಿಡೀ ಬಯಲು ಗಾಳಿಗೆ ತೆರೆದಿಟ್ಟು, ಗಾಳಿಯಲ್ಲಿದ್ದ ಯೀಸ್ಟು ಬ್ಯಾಕ್ಟೀರಿಯಾಗಳು ತಾವಾಗಿ ಬಂದು ಸೇರಲು ಬಿಡುತ್ತಾರೆ. ಅದೂ ಚಳಿಯ ತಿಂಗಳುಗಳಲ್ಲಿ ಮಾತ್ರ, ಬೇಸಿಗೆಯಲ್ಲಿ ಬೇಡದವು ಹೆಚ್ಚು ಬಂದು ಬೀಳುತ್ತವೆ. ಅಲ್ಲಿ ಜೇಡರ ಬಲೆಯನ್ನು ಗುಡಿಸುವುದಿಲ್ಲ, ಜೇಡಗಳನ್ನು ಕೊಲ್ಲುವುದೂ ಇಲ್ಲ. ಹಣ್ಣು ಹಾಕಿ ಹುದುಗಿಸುವ ಪೀಪಾಯಿಗಳತ್ತ ಬರುವ ನೊಣಗಳನ್ನು ಹಿಡಿಯುವ ಕಾವಲುಗಾರರು ಅವೇ. ನಾವು ಕೊಳೆ ಎನ್ನುವ ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟು, ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾಗಳೇ ಅಲ್ಲಿನ ಲ್ಯಾಂಬಿಕ್ ಬಿಯರಿನ ರುಚಿ. ಇದನ್ನು ಹೇಳಿದ್ದು ನೀವೂ ಬಲೆ ಕಟ್ಟಿಸಿಕೊಳ್ಳಲಿ ಎಂದಲ್ಲ. ಅವರಿಗೆ ಅದು ಒಂದರಿಂದ ಮೂರು ವರ್ಷ ಕಾಯುವ ಕಸುಬು, ನಿಮ್ಮ ಪೇಲ್ ಏಲಿಗೆ ಅದೇ ಜೀವಿಗಳು ಶತ್ರುಗಳು.

ನೀವು ಕಂಡ ಕಂದು ನೊರೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅದು ಕ್ರೌಸೆನ್, ಯೀಸ್ಟ್, ಹಾಪ್ಸಿನ ಅಂಟು, ಪ್ರೋಟೀನು ಸೇರಿ ಏಳುವ ನೊರೆ. ಬೆಲ್ಲ ಕಾಯಿಸುವ ಕೊಪ್ಪರಿಗೆಯ ಮೇಲಿನ ಕಲ್ಮಶದಂತೆ ಅಸಹ್ಯವಾಗಿಯೇ ಕಾಣುತ್ತದೆ, ಆದರೆ ಅದು ಆರೋಗ್ಯದ ಗುರುತು. ಕೆಲವು ದಿನಗಳ ಬಳಿಕ ಕುಸಿದು ಬಕೆಟಿನ ಗೋಡೆಗೆ ಕಂದು ಪಟ್ಟೆಯಾಗಿ ಅಂಟಿಕೊಳ್ಳುತ್ತದೆ. ಬಿಳಿ ತೇಪೆಗಳು ತೇಲುವ ಯೀಸ್ಟಿನ ಗುಂಪುಗಳು. ನಿಜವಾಗಿ ಕೆಟ್ಟ ಬಿಯರಿನ ಮೇಲೆ ಬರುವ ಪೊರೆ ಬೇರೆ ಬಗೆಯದು. ಉಪ್ಪು ಕಡಿಮೆಯಾದ ಉಪ್ಪಿನಕಾಯಿ ಜಾಡಿಯ ಮೇಲೆ ಕಟ್ಟುವ ಬಿಳಿ ಪದರವನ್ನು ನೆನಪಿಸಿಕೊಳ್ಳಿ: ಒಣಗಿದಂತೆ ಸುಕ್ಕುಸುಕ್ಕಾಗಿ, ಅಡಿಯಲ್ಲಿ ದೊಡ್ಡ ಗುಳ್ಳೆಗಳನ್ನು ಹಿಡಿದಿಟ್ಟುಕೊಂಡು, ನೊರೆಯೆಲ್ಲ ಇಳಿದ ಎಷ್ಟೋ ದಿನಗಳ ಮೇಲೆ ಬರುತ್ತದೆ. ಹಸಿರು, ಕಪ್ಪು ಬಣ್ಣದ ರೋಮ ರೋಮವಾದ ಬೂಷ್ಟು ಕಂಡರೆ ಮಾತ್ರ ರುಚಿ ನೋಡುವ ಗೋಜಿಗೆ ಹೋಗದೆ ಚೆಲ್ಲಿ.

ಮೂಗು ಕಣ್ಣಿಗಿಂತ ನಂಬಲರ್ಹ, ಆದರೆ ಅದಕ್ಕೂ ಪಾಠ ಬೇಕು. ವಿನಿಗರ್ ವಾಸನೆ ಅಸಿಟೊಬ್ಯಾಕ್ಟರಿನದು. ಮಜ್ಜಿಗೆಯಂತಹ ಹುಳಿ ಲ್ಯಾಕ್ಟೊಬ್ಯಾಸಿಲಸ್‌ನದು. ಮೊದಲ ದಿನಗಳಲ್ಲೇ ಬರುವ ಬೆಂದ ತರಕಾರಿಯ ವಾಸನೆ, ಯೀಸ್ಟ್ ತಡವಾಗಿ ಎದ್ದಿತು, ಅಷ್ಟರಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಉಂಡವು ಎನ್ನುವುದರ ಸೂಚನೆಯಾಗಿರಬಹುದು. ಹುದುಗುವಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಮಾತ್ರ ಅನೇಕ ಯೀಸ್ಟುಗಳ ಸಹಜ ಗುಣ, ತಾನಾಗಿ ಹೋಗುತ್ತದೆ. ಇನ್ನೊಂದಿದೆ, ಬ್ಯಾಂಡ್‌ಏಡ್ ಪಟ್ಟಿಯಂತಹ, ಆಸ್ಪತ್ರೆಯ ಔಷಧದಂತಹ ರುಚಿ. ಕಾಡು ಯೀಸ್ಟಿನಿಂದಲೂ ಇದು ಬರುವುದುಂಟು, ಆದರೆ ಹೊಸಬರ ಬಿಯರಿನಲ್ಲಿ ಸಾಮಾನ್ಯವಾಗಿ ಇದರ ಮೂಲ ನಲ್ಲಿ ನೀರು. ಆಸ್ಟಿನ್ ನಗರ ನೀರಿಗೆ ಬಳಸುವ ಕ್ಲೋರಮೀನ್, ಬರಿ ಕ್ಲೋರಿನ್ನಿನಂತೆ ರಾತ್ರಿಯಿಡೀ ತೆರೆದಿಟ್ಟರೆ ಹೋಗುವುದಿಲ್ಲ. ಅದು ಮಾಲ್ಟಿನ ಫೀನಾಲುಗಳೊಡನೆ ಸೇರಿ ಆ ರುಚಿಯನ್ನು ಹುಟ್ಟಿಸುತ್ತದೆ. ಕ್ಲೋರಮೀನನ್ನು ತೆಗೆಯುವ ಕ್ಯಾಂಪ್ಡನ್ ಮಾತ್ರೆ ಒಂದು 75 ಲೀಟರ್ ನೀರಿಗೆ ಸಾಕು, ನಿಮಗೆ ಕಾಲು ಅಥವಾ ಅರ್ಧ ಮಾತ್ರೆ.

ಈಗ ಕಾಣದ ಕೊಳೆಗೆ ಬರುತ್ತೇನೆ. ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ. ಮೊದಲನೆಯದನ್ನು ಎರಡನೆಯದು ತುಂಬಿಕೊಡಲಾರದು. ಒಣಗಿದ ನೊರೆಯ ಪದರದ ಅಡಿ ಕೂತ ಬ್ಯಾಕ್ಟೀರಿಯಾಗಳಿಗೆ ಮೇಲೆ ಸುರಿದ ಸ್ಯಾನಿಟೈಸರ್ ತಲುಪುವುದೇ ಇಲ್ಲ. ಮೊದಲು ಬಿಸಿನೀರಿನಲ್ಲಿ ಪಿಬಿಡಬ್ಲ್ಯು ಎಂಬ ತೊಳೆಯುವ ಪುಡಿಯನ್ನೋ ಸುವಾಸನೆಯಿಲ್ಲದ ಆಕ್ಸಿಕ್ಲೀನ್ ಪುಡಿಯನ್ನೋ ಕರಗಿಸಿ ನೆನೆಸಿಟ್ಟು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಚೆನ್ನಾಗಿ ತೊಳೆಯಿರಿ. ಸ್ಟೀಲ್ ಜುಂಗು, ಹಸಿರು ಸ್ಕ್ರಬ್ಬರ್ ಪ್ಲಾಸ್ಟಿಕ್ಕಿಗೆ ತಾಗಕೂಡದು, ಒಂದೊಂದು ಗೀರೂ ಒಂದೊಂದು ಬಿಲ. ಆಮೇಲೆ ಸ್ಯಾನಿಟೈಸರ್: ಸ್ಟಾರ್ ಸ್ಯಾನ್ ಆದರೆ 19 ಲೀಟರ್ ನೀರಿಗೆ 30 ಮಿಲಿಲೀಟರ್, ಎರಡು ನಿಮಿಷ ಒದ್ದೆಯಾಗಿದ್ದರೆ ಸಾಕು. ಅದರ ನೊರೆ ಉಳಿದರೆ ಉಳಿಯಲಿ, ಮತ್ತೆ ನಲ್ಲಿ ನೀರಿನಲ್ಲಿ ತೊಳೆದರೆ ಮಾಡಿದ ಕೆಲಸವನ್ನೇ ಅಳಿಸಿದಂತೆ. ಬ್ಲೀಚ್ ಬಳಸುವ ಆಸೆ ಬೇಡ. ಬಳಸಿದ್ದರೂ ಅದರೊಂದಿಗೆ ವಿನಿಗರ್ ಅಥವಾ ಸ್ಟಾರ್ ಸ್ಯಾನಿನಂತಹ ಆಮ್ಲವನ್ನು ಎಂದಿಗೂ ಬೆರೆಸಬೇಡಿ, ಏಳುವುದು ವಿಷಕಾರಿ ಕ್ಲೋರಿನ್ ಅನಿಲ.

ಇದನ್ನೆಲ್ಲ ಬಲ್ಲವನಾಗಿಯೂ ನಾನು ಎಡವಿದ್ದೇನೆ. ಸ್ಕಾಟ್ಲೆಂಡಿನಲ್ಲಿ ಓದುತ್ತಿದ್ದಾಗ ಮನೆಯಲ್ಲಿ ಮಾಡಿದ ಮೂರು ಸಲದ ಬಿಯರೂ ಸಾಲಾಗಿ ಹುಳಿಯಾಯಿತು. ಗಾಳಿಯನ್ನು ಬೈದೆ, ಯೀಸ್ಟನ್ನು ಬೈದೆ, ಕೊಠಡಿಯ ಜೊತೆಗಾರನ ಬೆಕ್ಕನ್ನೂ ಬೈದೆ. ನಾಲ್ಕನೆಯ ಸಲ ಬಕೆಟಿನ ತಳದ ನಲ್ಲಿಯನ್ನು ಬಿಚ್ಚಿ, ಅದರ ತಿರುಗುವ ಭಾಗವನ್ನು ಬಿಸಿನೀರಿನಲ್ಲಿ ಸಡಿಲಿಸಿ ಹೊರತೆಗೆದರೆ, ಒಳಗೆ ಮೂರು ತಿಂಗಳ ಹಳೆಯ ಲೋಳೆ. ಪ್ರತಿ ಸಲವೂ ನಲ್ಲಿಯ ಮೂಲಕ ಸ್ಯಾನಿಟೈಸರ್ ಹರಿಸಿದ್ದೆ, ಅದು ಲೋಳೆಯ ಪಕ್ಕದಿಂದ ಹರಿದು ಹೋಗಿತ್ತು. ಮುಂದೆ ಬಿಯರ್ ಕಾರ್ಖಾನೆಯೊಂದರ ಗುಣಮಟ್ಟ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಾಗಲೂ ಹತ್ತಿಯ ಕಡ್ಡಿ ಹಿಡಿದು ನಾನು ಮೊದಲು ಹೋಗುತ್ತಿದ್ದದ್ದು ದೊಡ್ಡ ಟ್ಯಾಂಕಿನ ಗೋಡೆಗಲ್ಲ, ಕವಾಟ ಮತ್ತು ವಾಷರುಗಳತ್ತ. ನಿಮ್ಮ ಬಕೆಟಿಗೂ ನಲ್ಲಿಯಿದ್ದರೆ ಪ್ರತಿ ಸಲ ಪೂರ್ತಿ ಬಿಚ್ಚಿ. ಸೈಫನ್ ಕೊಳವೆ ಒಳಗೆ ಮಸುಕಾಗಿದ್ದರೆ ತೊಳೆಯುವ ಸಾಹಸ ಬಿಟ್ಟು ಹೊಸದು ಕೊಳ್ಳಿ, ಅದರ ಬೆಲೆ ಒಂದು ಬಕೆಟ್ ಬಿಯರಿನ ಬೆಲೆಗಿಂತ ಬಹಳ ಕಡಿಮೆ.

ಎಷ್ಟೇ ತೊಳೆದರೂ ವರ್ಟಿನಲ್ಲಿ ಒಂದಷ್ಟು ಬೇಡದ ಜೀವಿಗಳು ಇದ್ದೇ ಇರುತ್ತವೆ. ಅವುಗಳನ್ನು ಸೋಲಿಸುವುದು ಯೀಸ್ಟಿನ ಕೆಲಸ. ಮೊಸರಿಗೆ ಹೆಪ್ಪು ಹಾಕುವ ಲೆಕ್ಕವೇ ಇಲ್ಲೂ: ಹಾಲು ಹದವಾದ ಬಿಸಿಯಲ್ಲಿದ್ದು, ಹೆಪ್ಪು ಸಾಕಷ್ಟಿದ್ದು ಒಳ್ಳೆಯದಾಗಿದ್ದರೆ ಮೊಸರು ಗಟ್ಟಿ, ಹೆಪ್ಪು ಕಡಿಮೆಯಾಗಿ ಹಾಲು ಬಹಳ ಹೊತ್ತು ಸುಮ್ಮನೆ ಕೂತರೆ ಲೋಳೆ ಮೊಸರು. 19 ಲೀಟರ್ ಏಲಿಗೆ 11.5 ಗ್ರಾಮಿನ ಒಂದು ಪೂರ್ತಿ ಒಣ ಯೀಸ್ಟ್ ಪೊಟ್ಟಣ ಬೇಕು. ಅರ್ಧ ಉಳಿಸಿಡುವ ಜಾಣತನ ಇಲ್ಲಿ ನಡೆಯದು. ವರ್ಟನ್ನು ಆದಷ್ಟು ಬೇಗ 20 ಡಿಗ್ರಿಗೆ ತಣಿಸಿ ಕೂಡಲೇ ಹಾಕಿ. ಯೀಸ್ಟಿನಲ್ಲೇ ಕಲಬೆರಕೆಯಿದ್ದರೆ? ಹಿಂದೆ ದೊಡ್ಡ ದೊಡ್ಡ ಬ್ರೂವರಿಗಳನ್ನೂ ಕಾಡಿದ್ದು ಅದೇ. 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಬಂದ ಲೂಯಿ ಪಾಶ್ಚರ್ ಅಲ್ಲಿನ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅದರೊಳಗಿನ ಬೇರೆ ಜೀವಿಗಳನ್ನು ತೋರಿಸಿಕೊಟ್ಟರು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್‌ನಲ್ಲಿ ಬಿಯರಿಗೆ ತಗುಲಿದ್ದ ರೋಗದ ಮೂಲ ಕಾಡು ಯೀಸ್ಟ್ ಎಂದು ಕಂಡುಕೊಂಡ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್, ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟನ್ನು 1883ರಲ್ಲಿ ಬಳಕೆಗೆ ತಂದರು. ಇಂದು ನೀವು ಕತ್ತರಿಸುವ ಪೊಟ್ಟಣ ಆ ಕೆಲಸದ ಫಲ. ಕತ್ತರಿಸುವ ಕತ್ತರಿಯನ್ನೂ ಸ್ಯಾನಿಟೈಸರ್‌ನಲ್ಲಿ ಅದ್ದಿಕೊಳ್ಳಿ.

ಇನ್ನು ನಿಮ್ಮ ಬಕೆಟ್. ಇಂದಿನಿಂದ ಮುಚ್ಚಳ ಮುಟ್ಟಬೇಡಿ. ಹದಿನಾಲ್ಕನೆಯ ದಿನ ಒಮ್ಮೆ, ಮತ್ತೆ ಮೂರು ದಿನ ಬಿಟ್ಟು ಇನ್ನೊಮ್ಮೆ, ಸ್ಯಾನಿಟೈಸ್ ಮಾಡಿದ ಸಾಧನದಿಂದ ಸ್ವಲ್ಪ ಬಿಯರ್ ತೆಗೆದು ಹೈಡ್ರೋಮೀಟರಿನಲ್ಲಿ, ಅಂದರೆ ದ್ರವದ ಸಾಂದ್ರತೆ ತೋರಿಸುವ ತೇಲುಕಡ್ಡಿಯಲ್ಲಿ, ಅಳೆಯಿರಿ. ಅಳೆದದ್ದನ್ನು ಮತ್ತೆ ಬಕೆಟಿಗೆ ಸುರಿಯದೆ ಕುಡಿದು ನೋಡಿ. 1.050ರಲ್ಲಿ ಶುರುವಾದದ್ದು 1.010 ಅಥವಾ 1.012ರ ಸುಮಾರಿಗೆ ಬಂದು ಎರಡೂ ಸಲ ಒಂದೇ ಅಂಕಿ ತೋರಿಸಿದರೆ ಬಾಟಲಿಗೆ ತುಂಬಬಹುದು. ಅಂಕಿ ಇಳಿಯುತ್ತಲೇ ಇದ್ದರೆ ತುಂಬಬೇಡಿ. ಈ ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕಾಗಿದೆ, ಏಕೆಂದರೆ ಕೆಟ್ಟ ಬಿಯರ್ ಮೈಗೆ ಪೆಟ್ಟು ಮಾಡುವ ದಾರಿ ಹೊಟ್ಟೆಯಲ್ಲ, ಗಾಜು. ಡಯಾಸ್ಟಾಟಿಕಸ್ ಎಂಬ ಬಗೆಯ ಯೀಸ್ಟ್ ಸೇರಿಕೊಂಡಿದ್ದರೆ, ಸಾಮಾನ್ಯ ಯೀಸ್ಟ್ ತಿನ್ನಲಾರದೆ ಬಿಟ್ಟ ಡೆಕ್ಸ್‌ಟ್ರಿನ್ ಎಂಬ ಸಂಕೀರ್ಣ ಸಕ್ಕರೆಗಳನ್ನೂ ಅದು ಒಡೆದು ತಿನ್ನುತ್ತ, ಮುಚ್ಚಿದ ಬಾಟಲಿಯೊಳಗೆ ವಾರಗಟ್ಟಲೆ ಅನಿಲ ತುಂಬುತ್ತದೆ, ಕೊನೆಗೆ ಬಾಟಲಿ ಸಿಡಿಯುತ್ತದೆ.

ಬಾಟಲಿಯೊಳಗೆ ಹದವಾಗಿ ಅನಿಲ ಹುಟ್ಟಲೆಂದು 19 ಲೀಟರಿಗೆ ತೂಕ ಮಾಡಿ 120 ಗ್ರಾಮಿನಷ್ಟು ಕಾರ್ನ್ ಶುಗರ್ ಬೆರೆಸಿ ತುಂಬಿಸಿ, ಜೊತೆಗೆ ಒಂದು ಸಣ್ಣ ಪ್ಲಾಸ್ಟಿಕ್ ಸೋಡಾ ಬಾಟಲಿಯನ್ನೂ ತುಂಬಿಸಿ. ಎಲ್ಲವನ್ನೂ ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿ, ಜನ ಓಡಾಡದ ಮೂಲೆಯಲ್ಲಿಡಿ. ಆ ಪ್ಲಾಸ್ಟಿಕ್ ಬಾಟಲಿಯನ್ನು ದಿನಕ್ಕೊಮ್ಮೆ ಒತ್ತಿ ನೋಡುತ್ತಿರಿ, ಮುಚ್ಚಳ ತೆರೆಯುವ ನಿಮ್ಮ ಅಭ್ಯಾಸಕ್ಕೂ ಅದು ಒಂದು ದಾರಿಯಾದೀತು. ಎರಡು ವಾರದಲ್ಲಿ ಕೊಂಡು ತಂದ ಸೋಡಾದಷ್ಟು ಗಟ್ಟಿಯಾದರೆ ಗಾಜಿನವನ್ನು ಫ್ರಿಜ್ಜಿಗೆ ಸೇರಿಸಿ. ಮೂರನೆಯ ವಾರದಲ್ಲೂ ಬಿಗಿಯಾಗುತ್ತಲೇ ಹೋಗಿ ತಳ ಉಬ್ಬಿದರೆ, ದಪ್ಪ ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಹಾಕಿಕೊಂಡು ಗಾಜಿನ ಬಾಟಲಿಗಳನ್ನು ತಣ್ಣಗೆ ಮಾಡಿ, ಒಂದೊಂದಾಗಿ ಬಿರಡೆ ಸಡಿಲಿಸಿ ಅನಿಲ ಬಿಡಿ.